ತಿಂಗಳುಗಟ್ಟಲೆ ಹೊರದೇಶ ಸುತ್ತುವಾಗ ದಿನಚರಿ: ಕಟ್ಟಿಕೊಳ್ಳಬೇಕಾ, ಬಿಟ್ಟುಬಿಡಬೇಕಾ?

ದೂರದಾರಿ
ಹಲವು ತಿಂಗಳಿಂದ ದೇಶದಿಂದ ದೇಶಕ್ಕೆ ಓಡಾಡುತ್ತಿದ್ದೇನೆ. ಇನ್ನೂ ಅರ್ಧ ವರ್ಷ ಬಾಕಿ ಇದೆ. ನೋಡಿದ ಜಾಗಗಳ ಬಗ್ಗೆ ದೂರಿಲ್ಲ. ನನ್ನ ದಿನಗಳ ಬಗ್ಗೆ ಇದೆ. ಮೂರು ನಾಲ್ಕು ರಾತ್ರಿಗೊಮ್ಮೆ ಹಾಸಿಗೆ ಬದಲಾಗುತ್ತದೆ. ವ್ಯಾಯಾಮ ನಿಂತೇ ಹೋಗಿದೆ. ಊಟಕ್ಕೆ ಹೊತ್ತು ಗೊತ್ತು ಅಂತಿಲ್ಲ. ಥೈರಾಯ್ಡ್ ಕಡಿಮೆ ಇರುವುದರಿಂದ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು. ಮಾತ್ರೆ ಡಬ್ಬಿಗೆ ಏಳು ಮುಚ್ಚಳ, ವಾರದ ದಿನಕ್ಕೊಂದು. ಶುಕ್ರವಾರದ ಮುಚ್ಚಳ ತೆಗೆಯುವಾಗ ನೋಡಿದರೆ ಬುಧವಾರದ್ದು ಮುಚ್ಚಿಯೇ ಇತ್ತು, ಮಾತ್ರೆ ಒಳಗೇ ಕೂತಿತ್ತು. ಇದು ಮೊದಲ ಸಲವೂ ಅಲ್ಲ.

ಸಂಜೆ ಆದರೆ ಸುಮ್ನೆ ಅಳು ಬಂದಂತಾಗುತ್ತದೆ. ಮೈ ಭಾರ. ಒಂಟಿತನ ಅನ್ನಲಾರೆ, ಮಾತಿಗೆ ಜನ ಸಿಗುತ್ತಾರೆ. ದೀರ್ಘ ಪ್ರವಾಸ ಮಾಡಿದವರು ದಿನಚರಿಯನ್ನು ಹೇಗೆ ಉಳಿಸಿಕೊಂಡಿರಿ? ವಾಪಸ್ ಬಾ ಅನ್ನುವ ಸಲಹೆ ದಯವಿಟ್ಟು ಬೇಡ.

ಗಡಿಯಾರದ ಮುಳ್ಳು
ಏಳುವ ಹೊತ್ತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಉಳಿದದ್ದು ತಾನಾಗಿ ಅದರ ಹಿಂದೆ ಬರುತ್ತದೆ. ಯಾವ ದೇಶವಾದರೂ ಸರಿ, ಅಲ್ಲಿನ ಗಡಿಯಾರದಲ್ಲಿ ಬೆಳಿಗ್ಗೆ 6 ಅಂದರೆ 6. ರಾತ್ರಿ ಎಷ್ಟು ಹೊತ್ತಿಗೆ ಮಲಗಿದಿರಿ ಅನ್ನುವುದು ಲೆಕ್ಕಕ್ಕಿಲ್ಲ. ಎದ್ದ ಕೂಡಲೇ ಮಾತ್ರೆ, ಆಮೇಲೆ ವ್ಯಾಯಾಮ, ಆಮೇಲೆ ತಿಂಡಿ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ದಿನಕ್ಕೆ 16 ಸಲ ಸೂರ್ಯ ಹುಟ್ಟುತ್ತಾನೆ. ಆದರೂ ಅಲ್ಲಿರುವವರು ಗ್ರೀನಿಚ್ ಸಮಯಕ್ಕೆ ಎದ್ದು ಗ್ರೀನಿಚ್ ಸಮಯಕ್ಕೇ ಮಲಗುತ್ತಾರೆ. ದಿನಕ್ಕೆ ಸುಮಾರು 2 ಗಂಟೆ ವ್ಯಾಯಾಮ, ಅದನ್ನು ತಪ್ಪಿಸುವಂತಿಲ್ಲ. ಅಲ್ಲೇ ಸಾಧ್ಯ ಅಂದಮೇಲೆ ಭೂಮಿಯ ಮೇಲೆ ಯಾಕೆ ಆಗುವುದಿಲ್ಲ?

ರೆಕ್ಕೆಪುಕ್ಕ
"ತಪ್ಪಿಸುವಂತಿಲ್ಲ". ಈ ಮಾತು ಕೇಳಿ ಕೇಳಿ ಸಾಕಾಗಿಯೇ ಅಲ್ವಾ ಜನ ಎಲ್ಲ ಬಿಟ್ಟು ವರ್ಷಗಟ್ಟಲೆ ಹೊರಡುವುದು? ಬಾಹ್ಯಾಕಾಶ ನಿಲ್ದಾಣದವರು ಪ್ರವಾಸಿಗರಲ್ಲ. ಅವರ ದಿನವನ್ನು ನೆಲದ ಮೇಲೆ ಕೂತ ತಂಡ ನಿಮಿಷದ ಲೆಕ್ಕದಲ್ಲಿ ಬರೆದಿಟ್ಟಿರುತ್ತದೆ. ವ್ಯಾಯಾಮ ಬಿಟ್ಟರೆ ತೂಕವಿಲ್ಲದ ಜಾಗದಲ್ಲಿ ಮೂಳೆ ಸವೆಯುತ್ತದೆ, ಅದಕ್ಕೆ ಮಾಡುತ್ತಾರೆ. ದೂರದಾರಿ ಅವರ ಹತ್ತಿರ ಅಂಥಾ ತಂಡವೂ ಇಲ್ಲ, ಅಂಥಾ ಕಷ್ಟವೂ ಇಲ್ಲ.

ನಿಮ್ಮನ್ನು ಕಾಡುತ್ತಿರುವುದು ದಿನಚರಿ ಇಲ್ಲದ್ದಲ್ಲ, ಇರಬೇಕಿತ್ತು ಅನ್ನುವ ಕೊರಗು. ಅದನ್ನು ಬಿಡಿ. ಹಸಿವಾದಾಗ ತಿನ್ನಿ, ನಿದ್ದೆ ಬಂದಾಗ ಮಲಗಿ.

ಗಡಿಯಾರದ ಮುಳ್ಳು
"ನಿದ್ದೆ ಬಂದಾಗ ಮಲಗಿ" ಅನ್ನುವುದು ಮನೆಯಲ್ಲಿ ನಡೆಯುತ್ತದೆ. ರಾತ್ರಿ ರೈಲು, ಮಧ್ಯಾಹ್ನ ಗಡಿ, ಸಂಜೆ ಹೊಸ ಊರು ಅಂತಿದ್ದರೆ ನಿದ್ದೆ ಬರುವುದು ಬರಬಾರದ ಹೊತ್ತಿನಲ್ಲೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರ 2010ರ ಅಧ್ಯಯನ ನೋಡಿ. ಹೊಸ ಅಭ್ಯಾಸ ಮೈಗೂಡಲು ಸುಮಾರು 66 ದಿನ ಬೇಕಾಯಿತು. ಮೂರು ದಿನಕ್ಕೊಮ್ಮೆ ಮನಸ್ಸು ಬದಲಾಯಿಸಿದರೆ 66ನೇ ದಿನ ಬರುವುದೇ ಇಲ್ಲ.

ಬೇರುಬಳ್ಳಿ
ಮುಳ್ಳು ಅವರೇ, ಅದೇ ಅಧ್ಯಯನದ ಉಳಿದ ಅರ್ಧವನ್ನೂ ಹೇಳಿ. 66 ಅನ್ನುವುದು ನಡುವಿನ ಅಂಕಿ. ವ್ಯಾಪ್ತಿ 18ರಿಂದ 254 ದಿನ. ಒಂದು ದಿನ ತಪ್ಪಿದರೆ ಅಭ್ಯಾಸ ಮೂಡುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ ಅಂತಲೂ ಅವರು ಬರೆದಿದ್ದಾರೆ.

ದೂರದಾರಿ ಅವರಿಗೆ ನನ್ನ ಮಾತು: ಗಂಟೆಗೆ ಕಟ್ಟಬೇಡಿ, ಸಾಲಿಗೆ ಕಟ್ಟಿ. ಗಂಟೆ ಊರಿಂದ ಊರಿಗೆ ಬದಲಾಗುತ್ತದೆ. ಆದರೆ ಎಲ್ಲಿ ಹೋದರೂ ಏಳುತ್ತೀರಿ, ಹಲ್ಲುಜ್ಜುತ್ತೀರಿ, ಬಾಗಿಲು ದಾಟುತ್ತೀರಿ, ಮತ್ತೆ ಒಳಗೆ ಬಂದು ಮಲಗುತ್ತೀರಿ. ಈ ನಾಲ್ಕಕ್ಕೆ ನಿಮಗೆ ಬೇಕಾದ್ದನ್ನು ಮಣಿ ಪೋಣಿಸಿದ ಹಾಗೆ ಪೋಣಿಸಿ. ಬ್ರಷ್ ಕೈಗೆ ಬಂದರೆ ಮಾತ್ರೆ. ಬಾಗಿಲು ದಾಟಿದರೆ ಫೋನ್ ಕಿಸೆಯಲ್ಲೇ ಇಟ್ಟು ಒಂದಷ್ಟು ದೂರ ನಡಿಗೆ. ಹೊಸ ಕೋಣೆಗೆ ಕಾಲಿಟ್ಟ ತಕ್ಷಣ ಚೀಲ ಬಿಚ್ಚಿ ಅವೇ ಸಾಮಾನುಗಳನ್ನು ಅದೇ ಕ್ರಮದಲ್ಲಿ ಹಾಸಿಗೆ ಪಕ್ಕ ಇಡಿ. ನಾನು ಎಲ್ಲೇ ಇದ್ದರೂ ಎಡಗಡೆ ನೀರಿನ ಬಾಟಲಿ, ಅದರ ಬುಡದಲ್ಲಿ ಕನ್ನಡಕ, ಬಾಗಿಲ ಕಡೆ ಮುಖ ಮಾಡಿದ ಶೂ. ಕತ್ತಲಲ್ಲೂ ಕೈಗೆ ಸಿಗುತ್ತವೆ.

ಸುಮ್ನೆ ಹೇಳುತ್ತಿಲ್ಲ. ವೆಂಡಿ ವುಡ್ ಅನ್ನುವ ಮನಶ್ಶಾಸ್ತ್ರಜ್ಞೆ 2005ರಲ್ಲಿ, ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳನ್ನು ಗಮನಿಸಿದರು. ಸುತ್ತಲಿನ ಸನ್ನಿವೇಶ ಹಳೆಯದರ ಹಾಗೇ ಇದ್ದಲ್ಲಿ ವ್ಯಾಯಾಮದಂಥ ಅಭ್ಯಾಸ ಉಳಿಯಿತು. ಬದಲಾದಲ್ಲಿ ಅದು ಅಭ್ಯಾಸವಾಗಿ ಉಳಿಯಲಿಲ್ಲ, ಪ್ರತಿ ಸಲ ಮನಸ್ಸು ಮಾಡಬೇಕಾಯಿತು. ಹಾಗಾಗಿ ಸನ್ನಿವೇಶವನ್ನೇ ಚೀಲದಲ್ಲಿ ಹೊತ್ತೊಯ್ಯಿರಿ ಅನ್ನುತ್ತೇನೆ.

ರೆಕ್ಕೆಪುಕ್ಕ
"ಪ್ರತಿ ಸಲ ಮನಸ್ಸು ಮಾಡಬೇಕಾಯಿತು". ನೀವೇ ಹೇಳಿದಿರಿ! ಸನ್ನಿವೇಶ ಬದಲಾದಾಗ ಮನುಷ್ಯ ಯಂತ್ರದ ಹಾಗೆ ನಡೆಯುವುದು ನಿಂತು ತನಗೇನು ಬೇಕು ಅಂತ ಯೋಚಿಸುತ್ತಾನೆ. ಪ್ರವಾಸದ ದೊಡ್ಡ ಲಾಭವೇ ಅದು. ಅದನ್ನು ಬಾಟಲಿ, ಕನ್ನಡಕ ಅಂತ ಮುಚ್ಚಿಹಾಕುತ್ತೀರಲ್ಲ?

ಬೇರುಬಳ್ಳಿ
ಮಾತ್ರೆ ನುಂಗುವುದನ್ನು ದಿನಾ ಹೊಸದಾಗಿ ಯೋಚಿಸಿ ನಿರ್ಧರಿಸಬೇಕಾ? ಎಲ್ಲಿ ಮಲಗುವುದು, ಏನು ತಿನ್ನುವುದು, ಯಾವ ಬಸ್ಸು, ಯಾವ ಸಾಲು, ಹಣ ಎಲ್ಲಿ ಬದಲಾಯಿಸುವುದು ಅಂತ ದಿನವಿಡೀ ನಿರ್ಧಾರ ಮಾಡಿ ಸುಸ್ತಾದವರಿಗೆ ಇನ್ನೊಂದು ಹೊರೆ ಹೊರಿಸುತ್ತಿದ್ದೀರಿ. ನಿದ್ದೆಗೂ ಅಷ್ಟೇ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಸರಿ ಬರುವುದಿಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದ ಹಾಗೆ, ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗಕ್ಕಿಂತ ಹಗುರವಾಗಿ ಮಲಗುತ್ತದೆ, ಸಣ್ಣ ಸದ್ದಿಗೂ ಎಚ್ಚರಾಗುತ್ತದೆ. ಮೂರು ರಾತ್ರಿಗೊಮ್ಮೆ ಹಾಸಿಗೆ ಬದಲಾಯಿಸುವವರಿಗೆ ಮೂರರಲ್ಲಿ ಒಂದು ರಾತ್ರಿ ಇಂಥದ್ದು. ನಿದ್ದೆ ಸರಿ ಹೋಗಬೇಕಾದರೆ ಊರು ಕಡಿಮೆ ಮಾಡಬೇಕು, ಒಂದೇ ಕಡೆ ಜಾಸ್ತಿ ಇರಬೇಕು.

ನಿದ್ದೆಗಣ್ಣು
"ನಿದ್ದೆ ಸರಿ ಹೋಗಬೇಕಾದರೆ ಊರು ಕಡಿಮೆ ಮಾಡಬೇಕು" ಅಂತೆ. ಯಾಕೆ? ಮೆಲಟೋನಿನ್ ಅಂತ ಒಂದಿದೆ. ನಮ್ಮ ಮಿದುಳೇ ತಯಾರಿಸುವ ಹಾರ್ಮೋನು, ಕತ್ತಲಾದಾಗ ತಾನಾಗಿ ಸುರಿಯುತ್ತದೆ. ಹೊರಗಿನಿಂದ ಚೂರು ಕೊಟ್ಟರೆ ದೇಹದ ಗಡಿಯಾರ ತಿರುಗುತ್ತದೆ. ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2002ರ ವಿಮರ್ಶೆಯಲ್ಲಿ 10 ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದರು. 9ರಲ್ಲಿ ಜೆಟ್ ಲ್ಯಾಗ್, ಅಂದರೆ ವಿಮಾನದಲ್ಲಿ ಕಾಲವಲಯ ದಾಟಿದಾಗ ದೇಹದ ಗಡಿಯಾರ ಏರುಪೇರಾಗುವುದು, ಕಡಿಮೆಯಾಯಿತು. ಹತ್ತರಲ್ಲಿ ಒಂಬತ್ತು! ನಾನು ವರ್ಷಗಳಿಂದ ತೆಗೆದುಕೊಳ್ಳುತ್ತಿದ್ದೇನೆ, ಏನೂ ಆಗಿಲ್ಲ. [ಪ್ರಮಾಣದ ವಿವರವನ್ನು ನಿರ್ವಾಹಕರು ತೆಗೆದಿದ್ದಾರೆ]

ಚೀಟಿ ಓದುವವಳು
ಔಷಧದ ಕೌಂಟರ್ ಹಿಂದೆ ನಿಂತು ಕೆಲಸ ಮಾಡುವವಳು ನಾನು. "ನಮ್ಮ ಮಿದುಳೇ ತಯಾರಿಸುವ" ಅನ್ನುವುದು ಸುರಕ್ಷಿತ ಅನ್ನುವುದಕ್ಕೆ ಕಾರಣವಲ್ಲ. ಇನ್ಸುಲಿನ್ ಕೂಡ ದೇಹವೇ ತಯಾರಿಸುತ್ತದೆ, ಯಾರೂ ಅದನ್ನು ಅಂದಾಜಿನಲ್ಲಿ ಚುಚ್ಚಿಕೊಳ್ಳುವುದಿಲ್ಲ.

ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಚೀಟಿಯಲ್ಲಿ ಬರೆದಷ್ಟೇ ಇರುತ್ತದೆ ಅಂತ ಯಾರು ಹೇಳಿದರು? ಅಮೆರಿಕದಲ್ಲಿ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷೆ ಮಾಡಿದ ವರದಿ 2023ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. 22ರಲ್ಲಿ ಚೀಟಿ ಒಂದು, ಒಳಗೆ ಇದ್ದದ್ದು ಇನ್ನೊಂದು. ಒಂದರಲ್ಲಿ ಮೆಲಟೋನಿನ್ ಸಿಗಲೇ ಇಲ್ಲ.

ನಿದ್ದೆಗಣ್ಣು
"ಗಮ್ಮಿಗಳನ್ನು". ಅಲ್ಲೇ ಗೊತ್ತಾಯಿತು. ನಾನು ಹೇಳಿದ್ದು ಮಾತ್ರೆ, ಜಗಿಯುವ ಸಿಹಿ ಅಲ್ಲ. ಮಕ್ಕಳು ತಿನ್ನುವುದನ್ನು ಪರೀಕ್ಷೆ ಮಾಡಿ ದೊಡ್ಡವರ ಮಾತ್ರೆ ಕೆಟ್ಟದ್ದು ಅನ್ನುವುದು ಯಾವ ನ್ಯಾಯ?

ಚೀಟಿ ಓದುವವಳು
ಮಾತ್ರೆಯೂ ಬೇಕಾ? ತಗೊಳ್ಳಿ. ಕೆನಡಾದಲ್ಲಿ 31 ಉತ್ಪನ್ನಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಮಾತ್ರೆ, ಕ್ಯಾಪ್ಸೂಲ್, ದ್ರವ ಎಲ್ಲ ಇತ್ತು. ಚೀಟಿಗಿಂತ 83% ಕಡಿಮೆಯಿಂದ ಹಿಡಿದು 478% ಜಾಸ್ತಿವರೆಗೆ ಇತ್ತು. ಎಂಟರಲ್ಲಿ ಸೆರೊಟೋನಿನ್ ಅನ್ನುವ ಇನ್ನೊಂದು ರಾಸಾಯನಿಕವೂ ಸಿಕ್ಕಿತು, ಚೀಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಬ್ರಿಟನ್ನಿನಲ್ಲಿ ವೈದ್ಯರ ಚೀಟಿ ಇಲ್ಲದೆ ಮೆಲಟೋನಿನ್ ಕೊಡುವುದಿಲ್ಲ.

ನೀವು ಹೇಳಿದ ಕಾಕ್ರೇನ್ ವಿಮರ್ಶೆಯೇ ಮೂರ್ಛೆರೋಗ ಇರುವವರಿಗೂ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೂ ತೊಂದರೆ ಆಗಬಹುದು ಅಂತ ಎಚ್ಚರಿಸಿದೆ. ಹತ್ತರಲ್ಲಿ ಒಂಬತ್ತು ಅನ್ನುವುದು ನೆನಪಿರುವವರಿಗೆ ಅದೂ ನೆನಪಿರಬೇಕಿತ್ತು.

ನಿದ್ದೆಗಣ್ಣು
"ಬ್ರಿಟನ್ನಿನಲ್ಲಿ". ಅಮೆರಿಕದಲ್ಲಿ ಚೀಟಿ ಬೇಡ, ಪೂರಕ ಆಹಾರದ ಕಪಾಟಿನಲ್ಲೇ ಇರುತ್ತದೆ. ಒಂದು ದೇಶ ಚೀಟಿ ಕೇಳಿದ ಮಾತ್ರಕ್ಕೆ ಅದು ವಿಷ ಆಗಿಬಿಡುತ್ತದಾ? ನಾನು ದೂರದಾರಿ ಅವರಿಗೆ ಒಳ್ಳೆಯದಾಗಲಿ ಅಂತ ಬರೆದೆ. ನೀವು ನನ್ನನ್ನು ಕಳ್ಳನ ಹಾಗೆ ನಿಲ್ಲಿಸಿದಿರಿ.

ಗಡಿಯಾರದ ಮುಳ್ಳು
ಇಬ್ಬರೂ ಬೆಳಕನ್ನು ಮರೆತಿದ್ದೀರಿ. ದೇಹದ ಗಡಿಯಾರವನ್ನು ತಿರುಗಿಸುವುದರಲ್ಲಿ ಬೆಳಕಿನಷ್ಟು ಬಲ ಯಾವುದಕ್ಕೂ ಇಲ್ಲ. ಆ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಅಂತ ಬಿಡಿಸಿ ತೋರಿಸಿದ್ದಕ್ಕೇ 2017ರ ನೊಬೆಲ್ ವೈದ್ಯಕೀಯ ಪ್ರಶಸ್ತಿ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ ಬಂತು. ಮಾತ್ರೆಯೂ ಬೇಡ, ಗಮ್ಮಿಯೂ ಬೇಡ. ಬೆಳಿಗ್ಗೆ 6ಕ್ಕೆ ಎದ್ದು ಬಿಸಿಲಿಗೆ ಹೋಗಿ. ಎಲ್ಲರಿಗೂ ಎಲ್ಲ ದೇಶದಲ್ಲೂ ಇದೊಂದೇ ಮದ್ದು.

ಚೀಟಿ ಓದುವವಳು
"ಎಲ್ಲರಿಗೂ ಎಲ್ಲ ದೇಶದಲ್ಲೂ" ಅನ್ನುವುದು ತಪ್ಪು, ಅದೂ ಕೆಡುಕು ಮಾಡುವ ತಪ್ಪು. ಪೂರ್ವಕ್ಕೆ 9 ಕಾಲವಲಯ ದಾಟಿ ಬೆಳಿಗ್ಗೆ 7ಕ್ಕೆ ಇಳಿದಿರಿ ಅಂದುಕೊಳ್ಳಿ. ನಿಮ್ಮ ದೇಹಕ್ಕೆ ಅದು ರಾತ್ರಿ 10. ಆ ಹೊತ್ತಿನ ಬೆಳಕು ದೇಹದ ಗಡಿಯಾರವನ್ನು ಇನ್ನೂ ಹಿಂದಕ್ಕೆ ನೂಕುತ್ತದೆ. ನಿಮಗೆ ಬೇಕಾದದ್ದು ಮುಂದಕ್ಕೆ ತಳ್ಳುವುದು. ಅಂಥಾ ದಿನ ಬೆಳಿಗ್ಗೆ ಕಪ್ಪು ಕನ್ನಡಕ ಹಾಕಿಕೊಂಡು ಮಧ್ಯಾಹ್ನದ ಮೇಲೆ ಬೆಳಕಿಗೆ ಬರಬೇಕು. ದೇಹ ದಿನಕ್ಕೆ ಹೊಂದಿಕೊಳ್ಳುವುದು ಪೂರ್ವಕ್ಕೆ ಹೋದಾಗ ಸುಮಾರು 1 ಗಂಟೆ, ಪಶ್ಚಿಮಕ್ಕೆ ಹೋದಾಗ ಸುಮಾರು ಒಂದೂವರೆ ಗಂಟೆ. ಎಲ್ಲರಿಗೂ 6 ಗಂಟೆ ಅಂತ ಒಂದೇ ಗೆರೆ ಎಳೆದರೆ ಆಗುವುದಿಲ್ಲ.

ರೆಕ್ಕೆಪುಕ್ಕ
ಪೂರ್ವಕ್ಕಾದರೆ ಹೀಗೆ, ಪಶ್ಚಿಮಕ್ಕಾದರೆ ಹಾಗೆ, ಕಪ್ಪು ಕನ್ನಡಕ ಇಷ್ಟು ಹೊತ್ತು. ಹೀಗೆ ಲೆಕ್ಕ ಹಾಕುತ್ತಾ ಕೂತರೆ ಮನುಷ್ಯ ಹೊಸ ಊರನ್ನು ನೋಡುವುದು ಯಾವಾಗ? ದಿನಚರಿ ಅನ್ನುವ ಹುಚ್ಚು ಇಷ್ಟು ದೂರ ತಂದು ನಿಲ್ಲಿಸುತ್ತದೆ ಅಂತಲೇ ನಾನು ಮೊದಲಿಂದ ಹೇಳುತ್ತಿರುವುದು.

ದೂರದಾರಿ
ಎಲ್ಲರಿಗೂ ಒಂದು ಮಾತು. ನಾನು ವಿಮಾನ ಹತ್ತಿ ಬಹಳ ವಾರಗಳಾದವು. ಬಸ್ಸು, ರೈಲಿನಲ್ಲೇ ಓಡಾಟ. ಒಂದು ಗಡಿ ದಾಟಿದರೆ ಗಡಿಯಾರ ಹೆಚ್ಚೆಂದರೆ 1 ಗಂಟೆ ಆಚೀಚೆ, ಎಷ್ಟೋ ಕಡೆ ಅದೂ ಇಲ್ಲ. ನನ್ನದು ಜೆಟ್ ಲ್ಯಾಗ್ ಅಲ್ಲ. ಬೇರುಬಳ್ಳಿ ಅವರು ಸಾಲಿನ ಬಗ್ಗೆ ಹೇಳಿದ್ದನ್ನು ಇನ್ನಷ್ಟು ಕೇಳಬೇಕಿತ್ತು. ವ್ಯಾಯಾಮದ ಬಗ್ಗೆಯೂ ಯಾರೂ ಹೇಳಲಿಲ್ಲ.

ನಿದ್ದೆಗಣ್ಣು
"ಜೆಟ್ ಲ್ಯಾಗ್ ಅಲ್ಲ" ಅಂದರೂ ನಿದ್ದೆ ಬರುತ್ತಿಲ್ಲ ತಾನೇ? ಮೆಲಟೋನಿನ್ ಬರೀ ಜೆಟ್ ಲ್ಯಾಗಿಗಲ್ಲ. ಮಾಮೂಲಿ ನಿದ್ದೆಗೇಡಿಗೂ ಜನ ತೆಗೆದುಕೊಳ್ಳುತ್ತಾರೆ.

ಚೀಟಿ ಓದುವವಳು
ಜನ ತೆಗೆದುಕೊಳ್ಳುತ್ತಾರೆ, ವೈದ್ಯರ ಸಂಘ ಬೇಡ ಅನ್ನುತ್ತದೆ. ದೊಡ್ಡವರ ನಿದ್ದೆಹೀನತೆಗೆ ಮೆಲಟೋನಿನ್ ಬಳಸದಿರುವುದು ಒಳ್ಳೆಯದು ಅಂತ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರ ಮಾರ್ಗಸೂಚಿಯಲ್ಲಿ ಹೇಳಿದೆ.

ನಿದ್ದೆಗಣ್ಣು
ಅದೇ ಮಾರ್ಗಸೂಚಿ ಆ ಶಿಫಾರಸನ್ನು "ದುರ್ಬಲ" ಅಂತ ಗುರುತು ಹಾಕಿದೆ. ಆ ಶಬ್ದವನ್ನು ಯಾಕೆ ನುಂಗಿದಿರಿ? ನನಗೆ ಎಚ್ಚರಿಕೆ ಬಿಟ್ಟೆ ಅಂದಿರಿ. ಈಗ ನೀವು ಮಾಡಿದ್ದೇನು?

ಚೀಟಿ ಓದುವವಳು
ದುರ್ಬಲ ಅಂದರೆ ಸಾಕ್ಷ್ಯ ಗಟ್ಟಿ ಇಲ್ಲ ಅಂತ. ಗಟ್ಟಿ ಸಾಕ್ಷ್ಯ ಇಲ್ಲದ ಔಷಧವನ್ನು ಗುರುತು ಪರಿಚಯ ಇಲ್ಲದವರಿಗೆ ಪ್ರಮಾಣ ಸಮೇತ ಬರೆದುಕೊಟ್ಟವರು ನೀವು. ಅವರು ಆಗಲೇ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ ಅಂತ ಮೊದಲ ಬರಹದಲ್ಲೇ ಇದೆ. ನೀವು ಅದನ್ನು ಓದಿದ್ದೀರಾ?

ನಿರ್ವಾಹಕ
ಮೆಲಟೋನಿನ್ ಬಗ್ಗೆ ಎರಡೂ ಕಡೆಯ ಮಾತು ಬಂದಾಗಿದೆ. ಇಲ್ಲಿ ಯಾರೂ ಯಾರಿಗೂ ಪ್ರಮಾಣ ಸೂಚಿಸುವಂತಿಲ್ಲ. ವೈಯಕ್ತಿಕ ಮಾತು ನಿಲ್ಲಿಸಿ.

ನಿದ್ದೆಗಣ್ಣು
ನನ್ನ ಬರಹವನ್ನು ಮಾತ್ರ ಕತ್ತರಿಸಿ, ಅವರದ್ದನ್ನು ಹಾಗೇ ಬಿಟ್ಟಿದ್ದೀರಿ. ಇದು ಸರಿಯಲ್ಲ. ಅವರು ಹೇಳಿದ 478% ಇಲ್ಲಿ ಇರಬಹುದು, ನಾನು ಹೇಳಿದ ಪ್ರಮಾಣ ಇರಬಾರದು ಅನ್ನುವುದಕ್ಕೆ ಕಾರಣ ಹೇಳಿ.

ಬೇರುಬಳ್ಳಿ
ದೂರದಾರಿ ಅವರೇ, ವ್ಯಾಯಾಮದ ಬಗ್ಗೆ ಕೇಳಿದಿರಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ ಮತ್ತು ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಬೇಕು ಅನ್ನುತ್ತದೆ. ಮೊದಲನೆಯದು ನಿಮಗೆ ಆಗಲೇ ಸಿಗುತ್ತಿರಬಹುದು. ಚೀಲ ಹೊತ್ತು ಚುರುಕಾಗಿ ಗುಡ್ಡ ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಪ್ರವಾಸದಲ್ಲಿ ಬಿಟ್ಟುಹೋಗುವುದು ಎರಡನೆಯದು. ಅದಕ್ಕೆ ಜಿಮ್ ಹುಡುಕುತ್ತಾ ಹೋಗಬೇಡಿ. ಗೋಡೆಗೆ ಕೈ ಊರಿ ತಳ್ಳುವುದು, ಕುರ್ಚಿಯಿಂದ ಎದ್ದು ಕೂರುವುದು, ಒಂದು ಮೆಟ್ಟಿಲ ಮೇಲೆ ಹಿಮ್ಮಡಿ ಎತ್ತಿ ಇಳಿಸುವುದು, ತುಂಬಿದ ಚೀಲವನ್ನು ಎದೆಗೆ ಅಪ್ಪಿ ಹಿಡಿದು ಬಗ್ಗಿ ಏಳುವುದು. ಹಾಸಿಗೆ ಮತ್ತು ಬಾಗಿಲಿನ ನಡುವೆ ಇಷ್ಟಕ್ಕೆ ಜಾಗ ಎಲ್ಲಿದ್ದರೂ ಸಿಗುತ್ತದೆ.

ಆದರೆ ನನ್ನ ಮುಖ್ಯ ಮಾತು ಅದೇ. ಒಂದು ಕಡೆ ತಿಂಗಳಾದರೂ ನಿಲ್ಲಿ.

ಗಡಿಯಾರದ ಮುಳ್ಳು
"ತಿಂಗಳಾದರೂ ನಿಲ್ಲಿ" ಅನ್ನುವುದಕ್ಕೆ ಆಧಾರ ಏನು? ನೀವೇ ಹೇಳಿದ ಬ್ರೌನ್ ಅಧ್ಯಯನದಲ್ಲಿ ಎರಡನೇ ಸಲ ಅದೇ ಜಾಗದಲ್ಲಿ ಮಲಗಿದಾಗ ಎಡಬಲದ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸಮಸ್ಯೆ ಒಂದೇ ರಾತ್ರಿಯದ್ದು. ಅದೂ ತಲೆಗೆ ತಂತಿ ಹಚ್ಚಿದ ಪ್ರಯೋಗಾಲಯದಲ್ಲಿ.

ಬೇರುಬಳ್ಳಿ
ಒಂದೇ ರಾತ್ರಿಯದ್ದು ನಿಜ, ಆದರೆ ತಿಂಗಳಲ್ಲಿ ಅಂಥ ರಾತ್ರಿ ಎಷ್ಟು ಬರುತ್ತವೆ ಅಂತ ಕೂಡಿ ನೋಡಿ. ಇನ್ನೂ ಒಂದಿದೆ. ತಿಂಗಳು ನಿಂತರೆ ಅಂಗಡಿಯವರು ಮುಖ ಗುರುತು ಹಿಡಿಯುತ್ತಾರೆ, ನಿನ್ನೆ ಬರಲಿಲ್ಲವಲ್ಲ ಅಂತ ಒಬ್ಬರು ಕೇಳುತ್ತಾರೆ. ಮಾತಿಗೆ ಜನ ಸಿಗುವುದೇ ಬೇರೆ, ನಾವು ಇಲ್ಲದ್ದನ್ನು ಗಮನಿಸುವವರು ಇರುವುದೇ ಬೇರೆ. ಕ್ಯಾಲೆರ್ವೊ ಓಬರ್ಗ್ ಅನ್ನುವ ಮಾನವಶಾಸ್ತ್ರಜ್ಞ 1960ರಲ್ಲಿ ಸಂಸ್ಕೃತಿ ಆಘಾತದ, ಅಂದರೆ ಪರದೇಶದ ರೀತಿನೀತಿಗೆ ಹೊಂದಲಾಗದ ತಳಮಳದ, ಹಂತಗಳನ್ನು ವಿವರಿಸಿದರು. ಮೊದಲು ಎಲ್ಲ ಚೆಂದ, ಆಮೇಲೆ ಕುಸಿತ, ನಂತರ ನಿಧಾನಕ್ಕೆ ಚೇತರಿಕೆ. ದೂರದಾರಿ ಅವರು ಈಗ ಕುಸಿತದಲ್ಲಿದ್ದಾರೆ. ಊರು ಬದಲಾಯಿಸುತ್ತಾ ಹೋದರೆ ಚೇತರಿಕೆಯ ಹಂತ ಬರುವುದೇ ಇಲ್ಲ.

ರೆಕ್ಕೆಪುಕ್ಕ
"ಮೊದಲು ಎಲ್ಲ ಚೆಂದ" ಅನ್ನುವ ಕಥೆ ಪರೀಕ್ಷೆಗೆ ನಿಲ್ಲಲಿಲ್ಲ. ಕಾಲೀನ್ ವಾರ್ಡ್ ಮತ್ತು ಸಂಗಡಿಗರು ನ್ಯೂಜಿಲೆಂಡಿಗೆ ಓದಲು ಹೋದ ಜಪಾನಿ ವಿದ್ಯಾರ್ಥಿಗಳನ್ನು ಕಾಲಕಾಲಕ್ಕೆ ಕೇಳಿ 1998ರಲ್ಲಿ ಬರೆದರು. ಜಾಸ್ತಿ ಕಷ್ಟ ಇದ್ದದ್ದು ಬಂದಿಳಿದ ಹೊಸದರಲ್ಲೇ. ದೂರದಾರಿ ಅವರು ಯಾವ ಹಂತದಲ್ಲಿದ್ದಾರೆ ಅಂತ ದೂರ ಕೂತು ಚೀಟಿ ಅಂಟಿಸಬೇಡಿ.

ಬೇರುಬಳ್ಳಿ
ಆ ವಿದ್ಯಾರ್ಥಿಗಳು ಒಂದು ದೇಶಕ್ಕೆ ಹೋಗಿ ಅಲ್ಲೇ ನಿಂತವರು. ವಾರಕ್ಕೆರಡು ಊರು ಬದಲಾಯಿಸುವವರಿಗೆ ಪ್ರತಿ ವಾರವೂ ಬಂದಿಳಿದ ಹೊಸದೇ. ನಿಮ್ಮ ಅಧ್ಯಯನ ನನ್ನ ಮಾತಿಗೇ ಬಲ ಕೊಡುತ್ತದೆ.

ರೆಕ್ಕೆಪುಕ್ಕ
ಯಾವ ಅಧ್ಯಯನ ತಂದರೂ ನಿಮ್ಮ ಮಾತಿಗೇ ಬಲ ಅನ್ನುತ್ತೀರಿ. ಹೀಗಾದರೆ ಚರ್ಚೆ ಮಾಡಿ ಏನು ಪ್ರಯೋಜನ?

ಚೀಟಿ ಓದುವವಳು
ದೂರದಾರಿ ಅವರೇ, ನಾನು ಅಷ್ಟು ಹೊತ್ತು ಮೆಲಟೋನಿನ್ ಬಗ್ಗೆ ಬರೆದೆ, ಈಗ ನಿಮ್ಮ ಮಾತ್ರೆಯ ಬಗ್ಗೆ ಬರೆಯುತ್ತೇನೆ. ಇಲ್ಲಿ ಎಲ್ಲರೂ ನಿಮ್ಮ ಅಳುವನ್ನು ದಿನಚರಿಯ ಲೆಕ್ಕಕ್ಕೆ ಹಾಕಿದರು. ಆದರೆ ಮೈ ಭಾರ, ಸುಸ್ತು, ಮನಸ್ಸು ಕುಗ್ಗುವುದು ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗಲೂ ಬರುತ್ತವೆ. ಮಾತ್ರೆ ಮೇಲಿಂದ ಮೇಲೆ ತಪ್ಪುತ್ತಿದ್ದರೆ ಮೊದಲು ಅದನ್ನೇ ನೋಡಬೇಕು.

ಥೈರಾಯ್ಡ್ ಮಾತ್ರೆಯಲ್ಲಿರುವ ಲೆವೊಥೈರಾಕ್ಸಿನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಹಿಡಿಯುತ್ತದೆ. ಹಾಗಾಗಿ ಒಂದು ಬುಧವಾರ ತಪ್ಪಿದ್ದಕ್ಕೆ ಹೆದರಬೇಕಿಲ್ಲ. ಆದರೆ ಬಿಟ್ಟು ಬಿಟ್ಟು ತೆಗೆದುಕೊಂಡರೆ, ಅಥವಾ ನುಂಗಿದ ಹಿಂದೆಯೇ ಕಾಫಿ ಕುಡಿದರೆ, ಕೊರತೆ ನಿಧಾನಕ್ಕೆ ಕೂಡುತ್ತಾ ಬರುತ್ತದೆ. ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು, ಬರೀ ನೀರಿನ ಜೊತೆ ನುಂಗಬೇಕು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಇರಲಿ. ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಬಹುತೇಕ ಎಲ್ಲ ದೇಶದಲ್ಲೂ ಮಾಮೂಲಿ. ಈ ವಾರವೇ ಮಾಡಿಸಿ ನಿಮ್ಮ ವೈದ್ಯರಿಗೆ ಕಳಿಸಿ. ಬೆಳಿಗ್ಗೆ ಹೊತ್ತು ಹೊಂದುತ್ತಿಲ್ಲ ಅಂದರೆ ರಾತ್ರಿ ಊಟವಾಗಿ 3 ಗಂಟೆ ಬಿಟ್ಟು ಮಲಗುವಾಗ ತೆಗೆದುಕೊಳ್ಳಬಹುದಾ ಅಂತ ಅವರನ್ನೇ ಕೇಳಿ. ಕೆಲವರಿಗೆ ಅದು ಚೆನ್ನಾಗಿ ಹೊಂದುತ್ತದೆ. ತಪ್ಪಿದ್ದಕ್ಕೆ ಅಂತ ನೀವೇ ಎರಡೆರಡು ನುಂಗಬೇಡಿ.

ರೆಕ್ಕೆಪುಕ್ಕ
ಮಾತ್ರೆಯ ತೊಂದರೆ ಅಂತ ಕೊನೆಗೆ ಹೊರಬಂತು. ದಿನಚರಿ ಕಾರಣವಲ್ಲ ಅಂತ ನಾನು ಮೊದಲ ಉತ್ತರದಲ್ಲೇ ಬರೆದಿದ್ದೆ.

ಗಡಿಯಾರದ ಮುಳ್ಳು
ಮಾತ್ರೆ ತಪ್ಪಿದ್ದು ಯಾಕೆ? ಏಳುವ ಹೊತ್ತು ಇಲ್ಲದ್ದಕ್ಕೆ. 6ಕ್ಕೆ ಎದ್ದು 7ಕ್ಕೆ ತಿಂಡಿ ತಿನ್ನುವವರಿಗೆ ಅವರು ಹೇಳಿದ ಒಂದು ಗಂಟೆ ಅಂತರ ತಾನಾಗಿ ಸಿಗುತ್ತದೆ. ನಿಮ್ಮ "ಹಸಿವಾದಾಗ ತಿನ್ನಿ" ಸಲಹೆ ಕೇಳಿದ್ದರೆ ಅವರ ಗತಿ ಏನಾಗುತ್ತಿತ್ತು ಅಂತ ನೋಡಿ.

ದೂರದಾರಿ
ಚೀಟಿ ಓದುವವಳು ಅವರಿಗೆ ಧನ್ಯವಾದ. ಇದನ್ನು ಯಾರೂ ಹೇಳಿರಲಿಲ್ಲ. ರಕ್ತಪರೀಕ್ಷೆಗೆ ಹೊತ್ತು ಗೊತ್ತುಮಾಡಿಕೊಂಡೆ. ಫಲಿತಾಂಶ ಬರುವವರೆಗೆ ಈ ಊರು ಬಿಡುವುದಿಲ್ಲ. ಈ ಕೋಣೆಯನ್ನೇ ತಿಂಗಳ ಕೊನೆವರೆಗೆ ಹಿಡಿದಿದ್ದೇನೆ. ಗೋಡೆ ತಳ್ಳುವುದನ್ನು ಇವತ್ತೇ ಶುರು ಮಾಡಿದೆ, ತೋಳು ನೋಯುತ್ತಿದೆ. ಇಷ್ಟಾದ ಮೇಲೆ ಜಪಾನಿಗೆ ಹೋಗುವ ಯೋಚನೆ ಇದೆ. ನನ್ನ ಮಾತ್ರೆ, ಜೊತೆಗೆ ಒಂದಿಷ್ಟು ನೆಗಡಿ ಮಾತ್ರೆ ಒಯ್ಯಲು ತೊಂದರೆ ಇದೆಯಾ?

ಚೀಟಿ ಓದುವವಳು
ನೆಗಡಿ ಮಾತ್ರೆಯ ಹಿಂದಿನ ಚೀಟಿಯನ್ನು ಓದಿ. ಕಟ್ಟಿದ ಮೂಗು ಬಿಡಿಸುವ ಸೂಡೋಎಫೆಡ್ರಿನ್ 10%ಗಿಂತ ಜಾಸ್ತಿ ಇದ್ದರೆ ಜಪಾನಿಗೆ ಒಯ್ಯುವಂತಿಲ್ಲ. ಆಂಫೆಟಮಿನ್ ಅನ್ನುವ ಉತ್ತೇಜಕ ಇರುವ ಔಷಧಗಳಿಗಂತೂ ವೈದ್ಯರ ಚೀಟಿ ಇದ್ದರೂ ಅಲ್ಲಿ ಪ್ರವೇಶವಿಲ್ಲ. ನಿಮ್ಮ ಥೈರಾಯ್ಡ್ ಮಾತ್ರೆಯನ್ನು ಒಂದು ತಿಂಗಳಿಗಿಂತ ಜಾಸ್ತಿ ದಿನಕ್ಕೆ ಆಗುವಷ್ಟು ಒಯ್ಯುವುದಾದರೆ ಮುಂಚೆಯೇ ಅನುಮತಿ ಪತ್ರಕ್ಕೆ ಅರ್ಜಿ ಹಾಕಬೇಕು. ಏಳು ಮುಚ್ಚಳದ ಡಬ್ಬಿ ಗಡಿಯಲ್ಲಿ ಸಾಲದು. ಕಂಪನಿಯ ಪೊಟ್ಟಣ ಮತ್ತು ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಎರಡೂ ಕೈಚೀಲದಲ್ಲೇ ಇರಲಿ. ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲು ಆ ದೇಶದ ರಾಯಭಾರ ಕಚೇರಿಯ ಪುಟ ನೋಡಿ.

ನಿದ್ದೆಗಣ್ಣು
ನೋಡಿ, ಇವರು ಹೇಳಿದ ನಿಷೇಧದ ಪಟ್ಟಿಯಲ್ಲಿ ಮೆಲಟೋನಿನ್ ಹೆಸರಿಲ್ಲ.

ಚೀಟಿ ಓದುವವಳು
ನಾನು ಪಟ್ಟಿ ಕೊಟ್ಟಿಲ್ಲ. ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟೆ.